ಮೂರನೆಯ ಮೆಟ್ಟಿಲು

ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ, ಕುರ್ಚಿ ದುಂಡಗೆ ಹಾಕಿಡಿ
ಅಂದಿದ್ದರು ಫೋನಿನಲ್ಲಿ.
ಹಾಕಿದೆ. ಇಪ್ಪತ್ತಮೂರು.
ಫಾರೋ ದ್ವೀಪದ ಈ ಶಾಲೆಗೆ ನಾನು ಜವಾನ,
ಮೀನುಹಡಗಿನಲ್ಲಿ ಮಂಡಿ ಮುರಿಯುವ ತನಕ
ಬೇರೆ ಏನೋ ಆಗಿದ್ದೆ.

ಮಾರ್ಯುನ್ ಎಂಬಾಕೆ ಬಂದರು ರಾಜಧಾನಿಯಿಂದ,
ಕಡಲಡಿಯ ಸುರಂಗದಲ್ಲಿ ಕಾರೋಡಿಸಿಕೊಂಡು,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ.
ಮನಸ್ಸು. ಸ್ನೇಹ. ಪ್ರೀತಿ. ಬೇಡ ಅನ್ನುವುದು.
ಇಷ್ಟೇ ಬರೆದರು ಬೋರ್ಡಿನ ಮೇಲೆ.
ಹಿಂದಿನ ಬೆಂಚೇ ಇಲ್ಲದ ದುಂಡಿನಲ್ಲಿ
ಹಿಂದಿನ ಬೆಂಚಿನ ಹುಡುಗರು
ಎಲ್ಲಿ ಕೂರಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ತಿವಿದರು.

ನಾನು ಹೀಟರ್ ರಿಪೇರಿಗೆ ಕೂತೆ ಮೂಲೆಯಲ್ಲಿ.
ಅದು ಕೆಟ್ಟಿರಲಿಲ್ಲ. ನಟ್ಟು ನಾನೇ ಸಡಿಲಿಸಿದ್ದೆ,
ಸುಳ್ಳೇಕೆ ಹೇಳಲಿ.

ಹೆಸರು ಬೇಡ, ಪ್ರಶ್ನೆ ಸಾಕು, ಮಡಚಿ ಹಾಕಿ ಅಂದರು.
ಡಬ್ಬಿ ಸುತ್ತಿತು. ಬೈನಿರ್ ಅದನ್ನು ಕಿವಿಗೆ ಹಿಡಿದು ಕುಲುಕಿದ,
ಎಲ್ಲರೂ ನಕ್ಕರು.
ಮೊದಲ ಚೀಟಿಗೂ ನಕ್ಕರು, ಅದು ಮುತ್ತಿನ ವಿಷಯ.
ಎರಡನೆಯದು:
'ಅವನು ನನ್ನ ಫೋನಿನ ಪಾಸ್‌ವರ್ಡ್ ಕೇಳುತ್ತಾನೆ.
ಕೊಡದಿದ್ದರೆ ಪ್ರೀತಿ ಇಲ್ಲ ಅಂತಾನೆ. ಹೌದಾ?'
ರನ್ವಾ ಬಿಗಿಯಾಗೇ ಇದ್ದ ಜಡೆಯನ್ನು
ಬಿಚ್ಚಿ ಮತ್ತೆ ಹೆಣೆಯತೊಡಗಿದಳು.
ಮಾರ್ಯುನ್ ಯಾರ ಮುಖವನ್ನೂ ನೋಡಲಿಲ್ಲ.
ಬಾಗಿಲಿಗೆ ಚಿಲಕ ಇರುವುದು
ಒಳಗಿದ್ದವರ ಮೇಲೆ ಅನುಮಾನಕ್ಕಲ್ಲ, ಅಂದರು,
ಆಮೇಲೆ ಒಂದಿಷ್ಟು ಹೊತ್ತು ಏನೂ ಅನ್ನಲಿಲ್ಲ.

ಮೂರು, ನಾಲ್ಕು. ಹೊಟ್ಟೆಗೆ ಅನ್ನವೇ ಸೇರದವರದೊಂದು.
ಐದನೆಯದು ಪೆನ್ಸಿಲಿನಲ್ಲಿ, ಎಡಕ್ಕೆ ವಾಲಿದ ಅಕ್ಷರ:
'ಅಪ್ಪ ಹಡಗಿಳಿದು ಬಂದ ದಿನ
ನಾವೆಲ್ಲ ತುದಿಗಾಲಲ್ಲಿ ನಡೆಯುತ್ತೇವೆ.
ಅಪ್ಪ ಹೊಡೆಯುವುದಿಲ್ಲ. ಸುಮ್ಮನೆ ಕೂತಿರುತ್ತಾರೆ.
ಎಲ್ಲರ ಮನೆಯಲ್ಲೂ ಹೀಗೇನಾ?'

ಯಾರೂ ನಗಲಿಲ್ಲ.
ನಿಮ್ಮಲ್ಲಿ ಯಾರಾದರೂ ಹೀಗೆ ನಡೆದಿದ್ದೀರಾ, ಅಂದರು.
ಒಂದು ಕೈ. ಹಾನುಸನದು, ಅರ್ಧ, ತಲೆ ಕೆರೆಯುವ ನೆಪದಲ್ಲಿ.
ಆಮೇಲೆ ಮೂರು.
ಎಣಿಸುವುದು ನನ್ನ ಕಸುಬು,
ಕುರ್ಚಿ, ಬಲ್ಬು, ಕೀಲಿಕೈ.
ಏಳು ಕೈ ಎಣಿಸಿ ನಿಲ್ಲಿಸಿಬಿಟ್ಟೆ.

ನಮ್ಮ ಮನೆಯ ಮೂರನೆಯ ಮೆಟ್ಟಿಲು ಕಿರ್ರೆನ್ನುತ್ತದೆ.
ನನ್ನ ಟೋರಾ, ಆರು ವರ್ಷದವಳು,
ಕಾಲುಚೀಲದಲ್ಲಿ ಅದನ್ನು ಹಾರಿ ಹತ್ತುತ್ತಿದ್ದಳು,
ಎರಡರಿಂದ ನಾಲ್ಕಕ್ಕೆ, ಬೆಕ್ಕಿನ ಮರಿಯ ಹಾಗೆ.
ಆಟ ಅಂದುಕೊಂಡಿದ್ದೆ.
ತಿಂಗಳುಗಟ್ಟಲೆ ಎಂಜಿನ್ನಿನ ಗದ್ದಲ ತಿಂದ ಕಿವಿಗೆ
ಮನೆ ಎಷ್ಟು ನಿಶ್ಶಬ್ದ ಅನ್ನಿಸುತ್ತಿತ್ತು.
ಎಂಥ ಒಳ್ಳೆಯ ಮನೆ, ಅಂತಿದ್ದೆ ಹಡಗಿನವರಿಗೆ,
ಒಂದು ಸೂಜಿ ಬಿದ್ದರೂ ಕೇಳುತ್ತದೆ.

ಹೀಟರು ಬಿಸಿಯಾಗತೊಡಗಿತ್ತು, ನಾನು ಮುಟ್ಟದೆಯೇ.
ಗಂಟೆ ಬಾರಿಸಿತು. ಕುರ್ಚಿಗಳು ನೆಲ ಗೀರಿ ಕಿರುಚಿದವು.
ಅವುಗಳ ಕಾಲಿಗೆ ಅಂಟಿಸಲೆಂದು
ಒಂದು ಪೆಟ್ಟಿಗೆ ಉಣ್ಣೆಯ ಬಿಲ್ಲೆ ತರಿಸಿಟ್ಟಿದ್ದೆ, ಹೋದ ವಾರವೇ.
ಕೆಲಸ ಬಾಕಿ ಇದೆ. ಇರಲಿ.

ಹೊರಡುವಾಗ ಮಾರ್ಯುನ್ ಡಬ್ಬಿ ಮರೆತರು, ನಾನೇ ಓಡಿ ಕೊಟ್ಟೆ.
ಖಾಲಿಯೇ ಇತ್ತು.
ನೀವೇನಾದರೂ ಕೇಳಬೇಕಿತ್ತೇ, ಅಂದರು.
ಸುರಂಗದಲ್ಲಿ ಮಂಜುಗಡ್ಡೆ ಇದೆಯೇ, ಅಂದೆ.
ಸುರಂಗದಲ್ಲಿ ಎಂದೂ ಇರುವುದಿಲ್ಲ, ಇಬ್ಬರಿಗೂ ಗೊತ್ತು.

ಸಂಜೆ, ಮನೆ.
ಬೂಟು ಬಿಚ್ಚದೆ ಮೂರನೆಯ ಮೆಟ್ಟಿಲ ಮೇಲೆ ನಿಂತೆ.
ಕಿರ್ರ್.
ಇಳಿದೆ, ಮತ್ತೆ ಹತ್ತಿದೆ. ಕಿರ್ರ್.
ಕೇಳುವವರಿಲ್ಲ.
ಟೋರಾ ಈಗ ಆಲ್ಬೋರ್ಗಿನಲ್ಲಿ.
ಕ್ರಿಸ್‌ಮಸ್ಸಿಗೆ ಫೋನು, ಹವಾಮಾನದ ಮಾತು, ಇಡಲಾ ಅಪ್ಪ.
ಅಲ್ಲಿ ಗಂಟೆ ನಮಗಿಂತ ಒಂದು ಮುಂದೆ,
ಮಲಗಿರುತ್ತಾಳೆ ಅಂದುಕೊಳ್ಳುವುದು ನನ್ನ ಹಳೆಯ ಚಾಳಿ.

ಇಲ್ಲಿ ಇನ್ನೂ ಏಳು.
ಅಲ್ಲೇ ಮೆಟ್ಟಿಲ ಮೇಲೆ ಕೂತೆ.
ಕನ್ನಡಕ ಹುಡುಕಬೇಕು, ಅವಳ ನಂಬರು ಸಣ್ಣಕ್ಷರದಲ್ಲಿದೆ.